ಬೂದಿ ಬೆರೆಸಿದ ರಸ್ತೆ ಕಲಬೆರಕೆ ಅಲ್ಲ, ಅವಸರ ಮಾಡಿದರೆ ಮಾತ್ರ ಕೆಡುತ್ತೆ

ಹೈದರಾಬಾದಿನಿಂದ ರಾಯಚೂರಿಗೆ ಬಸ್ಸಲ್ಲಿ ಹೋಗೋರಿಗೆ ಕೃಷ್ಣಾ ಸೇತುವೆ ಹತ್ತಿರ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. ಅಂಥ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದಾಗ ಹೊಗೆಯ ಜೊತೆ ಮೇಲೇಳುವ ನುಣ್ಣನೆ ಬೂದಿಯನ್ನು ಹಿಡಿದಿಡುತ್ತಾರೆ. ಅದೇ ಹಾರುಬೂದಿ, ಫ್ಲೈ ಆ್ಯಶ್.

ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟ್ ಮುಂದೆ ಕಾಂಕ್ರೀಟ್ ರಸ್ತೆ ಹಾಕಿದರು. ಸಿಮೆಂಟಿಗೆ ಬೂದಿ ಬೆರೆಸ್ತಾರೆ ಅಂತ ಗೊತ್ತಾದಾಗ ವಾಟ್ಸಾಪ್ ಗ್ರೂಪಲ್ಲಿ 'ಇದು ಕಲಬೆರಕೆ' ಅಂತ ಮೊದಲು ಬರೆದವನು ನಾನೇ. ಅದು ನನ್ನ ತಪ್ಪು ತಿಳಿವಳಿಕೆ.

ನೋಡಿ, ಸಿಮೆಂಟು ನೀರಿನ ಜೊತೆ ಸೇರಿದಾಗ ಮುಖ್ಯವಾಗಿ ಎರಡು ವಸ್ತು ಹುಟ್ಟುತ್ತವೆ. ಒಂದು, ಜಲ್ಲಿ-ಮರಳನ್ನು ಹಿಡಿದಿಡುವ ಅಂಟು. ಇನ್ನೊಂದು ಸುಣ್ಣ. ಈ ಸುಣ್ಣದಿಂದ ಗಟ್ಟಿತನಕ್ಕೆ ಅಷ್ಟೇನೂ ಉಪಯೋಗವಿಲ್ಲ. ಹಾರುಬೂದಿಯಲ್ಲಿರುವ ಸಿಲಿಕಾ ಆ ಸುಣ್ಣದ ಜೊತೆ ಸೇರಿ ಮತ್ತಷ್ಟು ಅಂಟು ಮಾಡುತ್ತೆ, ಸಣ್ಣ ರಂಧ್ರಗಳನ್ನು ತುಂಬುತ್ತೆ. ನಮ್ಮ ಹಿರಿಯರು ಗಾರೆಗೆ ಸುಣ್ಣದ ಜೊತೆ ಇಟ್ಟಿಗೆ ಪುಡಿ ಹಾಕುತ್ತಿದ್ದರಲ್ಲ, ಅದೇ ಲೆಕ್ಕ.

ಬೂದಿಯ ಕಣಗಳು ಗುಂಡಗಿರೋದರಿಂದ ಕಾಂಕ್ರೀಟು ಸಲೀಸಾಗಿ ಹರಡುತ್ತೆ. ಒಳಗೆ ಹುಟ್ಟುವ ಶಾಖವೂ ಕಡಿಮೆ. ಸಿಮೆಂಟ್ ಕಡಿಮೆ ಬಳಸಿದಷ್ಟು ಅದರ ತಯಾರಿಯಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡೂ ಕಡಿಮೆ. ಊರಲ್ಲಿ ಮನೆ ಕಟ್ಟಿಸಿದವರು ಮೂಟೆ ಮೇಲೆ 'ಪಿಪಿಸಿ' ಅಂತ ಓದಿರ್ತೀರಿ. ಹಾರುಬೂದಿಯಿಂದ ಮಾಡುವ ಆ ಸಿಮೆಂಟಿನಲ್ಲಿ 15ರಿಂದ 35 ಶೇಕಡಾ ಬೂದಿಗೆ ಭಾರತೀಯ ಮಾನಕವೇ ಒಪ್ಪಿಗೆ ಕೊಟ್ಟಿದೆ.

ಹಾಗಾದ್ರೆ ತೊಂದರೆ ಎಲ್ಲಿ? ಬೂದಿಯ ಕೆಲಸ ನಿಧಾನ. ಮೊದಲ ವಾರಗಳಲ್ಲಿ ಬಲ ಕಡಿಮೆ ಇರುತ್ತೆ, 28 ದಿನ ದಾಟಿದ ಮೇಲೂ ಏರುತ್ತಾ ಹೋಗುತ್ತೆ. ಆದರೆ ತೇವ ಇದ್ದರೆ ಮಾತ್ರ. ಒಣಗಿದರೆ ಬೂದಿ ಸುಮ್ಮನೆ ಬೂದಿಯಾಗಿಯೇ ಉಳಿಯುತ್ತೆ.

ನಮ್ಮಲ್ಲಿ ಆಗಿದ್ದೂ ಅದೇ. 'ಕ್ಯಾಬ್ ಒಳಗೆ ಬರ್ತಿಲ್ಲ, ಬೇಗ ಬಿಡಿ' ಅಂತ ನಾವೇ ಗುತ್ತಿಗೆದಾರರ ಬೆನ್ನು ಹತ್ತಿದೆವು. ನಾಲ್ಕನೇ ದಿನಕ್ಕೆ ಒದ್ದೆ ಗೋಣಿ ಎತ್ತಿದರು, ವಾರದೊಳಗೆ ಕಾರು ಬಿಟ್ಟರು. ಮಳೆಗಾಲ ಮುಗಿಯೋಷ್ಟರಲ್ಲಿ ಮೇಲ್ಪದರ ಪುಡಿ ಏಳತೊಡಗಿತು. ಬೇರೆ ಕಾರಣವೂ ಇದ್ದೀತು, ಆದರೆ ನಮ್ಮ ಅವಸರಕ್ಕೂ ಅದರಲ್ಲಿ ಪಾಲಿದೆ.

ನಿಮ್ಮ ಬೀದೀಲಿ ಕೆಲಸ ಶುರುವಾದರೆ 'ಬೂದಿ ಯಾಕೆ' ಅಂತ ಕೇಳಬೇಡಿ. 'ಬೂದಿ ಐಎಸ್ 3812 ಪ್ರಕಾರ ಇದೆಯಾ? ಎಷ್ಟು ದಿನ ನೀರುಣಿಸ್ತೀರಿ?' ಅಂತ ಕೇಳಿ. ಎರಡು ವಾರವಾದರೂ ಗೋಣಿ ಒದ್ದೆ ಇರಲಿ. ಅಲ್ಲೀವರೆಗೆ ಕ್ಯಾಬ್ ಹತ್ತೋಕೆ ಮೂಲೆವರೆಗೆ ನಡೆಯೋಣ.