ಹೂಂಗುಟ್ಟುವ ಕೇಳುಗ: ಪ್ರೌಢಶಾಲೆಯ ಕಥನ ಮತ್ತು ಸಂವಾದಿ ತಂತ್ರಜ್ಞಾನ

ಕನ್ನಡದ ಮೌಖಿಕ ಕಥನ ಪರಂಪರೆಯಲ್ಲಿ ಕೇಳುಗನೂ ಕಥೆಯ ಸಹನಿರ್ಮಾಪಕ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕು; ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತದೆ. ಪ್ರೌಢಶಾಲೆಯಲ್ಲಿ ಅದೇ ಕಥೆ ಪಠ್ಯವಾಗಿ, ಪ್ರಶ್ನೋತ್ತರವಾಗಿ ಮಾರ್ಪಟ್ಟಾಗ ಕೇಳುಗನ ಈ ಸ್ಥಾನ ಲುಪ್ತವಾಗುತ್ತದೆ. ಪರದೆಯ ಮೇಲೆ ಚಲನಚಿತ್ರ ತೋರಿಸಿದ ಮಾತ್ರಕ್ಕೆ ಅದು ಮರಳಿ ದೊರೆಯದು.

ಸಂವಾದಿ ತಂತ್ರಾಂಶಗಳ ಸ್ವರೂಪ ಇದಕ್ಕಿಂತ ಭಿನ್ನವಾದುದು. ಅಮೆರಿಕದ ಎಂ.ಐ.ಟಿ. ಸಂಸ್ಥೆ 2007ರಲ್ಲಿ ಬಿಡುಗಡೆ ಮಾಡಿದ ಸ್ಕ್ರ್ಯಾಚ್‌ನಲ್ಲಿ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವ ಆಜ್ಞೆಯಿದೆ; ಹೂಂಗುಟ್ಟುವಿಕೆಗೆ ಇದು ಸಮೀಪವಾದುದು. 2009ರಲ್ಲಿ ಬಂದ ಟ್ವೈನ್‌ನಲ್ಲಿ ಕಥೆಯನ್ನು ಖಂಡಗಳಾಗಿ ಬರೆದು ಕೊಂಡಿಗಳಿಂದ ಜೋಡಿಸಬಹುದು. ಯಾವ ಕವಲನ್ನು ಹಿಡಿಯಬೇಕೆಂಬುದನ್ನು ಓದುಗನೇ ನಿರ್ಧರಿಸುತ್ತಾನೆ. ಸಿದ್ಧಗೊಂಡ ಕಥೆಯನ್ನು ಅಂತರಜಾಲವಿಲ್ಲದೆಯೂ ಓದಬಹುದಾದುದರಿಂದ ಗ್ರಾಮೀಣ ಶಾಲೆಗಳಿಗೆ ಇದು ಅನುಕೂಲಕರ.

1997ರಲ್ಲಿ ರಚನೆಯಾದ ಹಾವೇರಿ ಜಿಲ್ಲೆಯಲ್ಲಿ ಇದಕ್ಕೆ ತಕ್ಕ ಸಾಮಗ್ರಿ ವಿಪುಲವಾಗಿದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರಾ ಸಂದರ್ಭದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ನುಡಿ ಚಿಕ್ಕದು, ಅರ್ಥಗಳು ಹಲವು. ಕೆಲವರು ಅದರಲ್ಲಿ ಮಳೆಬೆಳೆಯನ್ನು ಕಂಡರೆ, ಕೆಲವರು ರಾಜಕೀಯವನ್ನು ಕಾಣುತ್ತಾರೆ. ವಿದ್ಯಾರ್ಥಿಗಳು ಮನೆಯ ಹಿರಿಯರಿಂದ ಕೇಳಿ ತಂದ ಒಂದೊಂದು ಅರ್ಥವೂ ಕಥೆಯ ಒಂದೊಂದು ಕವಲಾಗಬಲ್ಲುದು.

ಆದರೆ ಎಲ್ಲ ಕಥೆಗಳೂ ಹೀಗೆ ಕವಲೊಡೆಯಲಾರವು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವ 1930ರ ದಂಡಿಯಾತ್ರೆಯಲ್ಲಿ ಪಾಲ್ಗೊಂಡವರು. 1943ರ ಏಪ್ರಿಲ್ 1ರಂದು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. 'ಮಹಾದೇವರನ್ನು ಉಳಿಸಲು ಈ ಗುಂಡಿಯನ್ನು ಒತ್ತಿ' ಎಂಬ ಆಯ್ಕೆಯನ್ನಿತ್ತರೆ ಚರಿತ್ರೆ ಆಟವಾಗುತ್ತದೆ, ತ್ಯಾಗ ಹಗುರಾಗುತ್ತದೆ. ಇಲ್ಲಿ ಘಟನೆಯನ್ನು ಸ್ಥಿರವಾಗಿರಿಸಿ ದೃಷ್ಟಿಕೋನವನ್ನು ಮಾತ್ರ ಬದಲಿಸುವುದು ಉಚಿತ: ಅದೇ ದಿನವನ್ನು ಸಂಗಾತಿಯಾಗಿ, ಗ್ರಾಮಸ್ಥನಾಗಿ, ಪೊಲೀಸನಾಗಿ ನೋಡುವುದು. ಜನಪದ ಕಥೆಯಲ್ಲಿ ಅಂತ್ಯವನ್ನು ಬದಲಿಸಬಹುದು. ಚರಿತ್ರೆಯಲ್ಲಿ ಪ್ರಶ್ನೆಯನ್ನು ಬದಲಿಸಬಹುದು. ಈ ವಿವೇಕವನ್ನು ಯಂತ್ರ ಕಲಿಸದು, ಅಧ್ಯಾಪಕರೇ ಕಲಿಸಬೇಕು.

ಭಾಷೆಯ ಪ್ರಶ್ನೆಯೂ ಇಷ್ಟೇ ಮಹತ್ವದ್ದು. ಮಕ್ಕಳು ಹಿರಿಯರ ಧ್ವನಿಯನ್ನು ಮುದ್ರಿಸಿಕೊಂಡು ಬಂದಾಗ ಈ ಭಾಗದ ಆಡುನುಡಿ ಅದರ ಏರಿಳಿತಗಳೊಡನೆ ತರಗತಿಯನ್ನು ಪ್ರವೇಶಿಸುತ್ತದೆ. ಅದನ್ನು ಗ್ರಂಥಸ್ಥ ಭಾಷೆಗೆ ತಿದ್ದಿದರೆ ಕಥೆಯ ಜೀವಾಳವೇ ನಷ್ಟವಾದೀತು. ಆದುದರಿಂದ ಮಕ್ಕಳು ಮೊದಲು ಕಥೆಯನ್ನು ಬಾಯಿಂದ ಹೇಳಿ, ಸಹಪಾಠಿಗಳಿಂದ ಹೂಂಗುಟ್ಟಿಸಿಕೊಂಡು, ಅವರು ಎಲ್ಲಿ ಪ್ರಶ್ನಿಸಿದರೆಂಬುದನ್ನು ಗುರುತಿಸಿಕೊಳ್ಳಬೇಕು. ಕವಲುಗಳು ಹುಟ್ಟಬೇಕಾದುದು ಆ ಪ್ರಶ್ನೆಗಳಲ್ಲಿ. ಗಣಕಯಂತ್ರದ ಸರದಿ ಅನಂತರದ್ದು.