ಶೆಡ್ಡಿಗೆ ಕರೆಂಟು, ಗರಗಸಕ್ಕೆ ಲಗಾಮು

ಹೊಸದಾಗಿ ತಂದ ಟೇಬಲ್ ಗರಗಸದ ಸ್ವಿಚ್ ಒತ್ತಿದರೆ ಮೋಟರು ಗೊಂಯ್ ಎಂದು ಮುಲುಗುತ್ತದೆ, ಬ್ಲೇಡು ಸೋಮಾರಿಯಂತೆ ಎರಡು ಸುತ್ತು ಹಾಕುತ್ತದೆ, ಟಕ್ ಎಂದು ಎಂಸಿಬಿ ಬೀಳುತ್ತದೆ. ಅಂಗಡಿಯವನಿಗೆ ಬೈಗುಳದ ಫೋನು ಹೋಗುತ್ತದೆ. ಪಾಪ, ಎಷ್ಟೋ ಸಲ ತಪ್ಪು ಅವನದಲ್ಲ. ಅಡುಗೆಮನೆಯ ಪ್ಲಗ್ಗಿನಿಂದ ಕಿಟಕಿ ಹಾರಿ ಶೆಡ್ಡಿಗೆ ಬಂದ ಸಪೂರ ಎಕ್ಸ್‌ಟೆನ್ಷನ್ ವೈರಿನದು.

2 ಎಚ್‌ಪಿಯ ಸಿಂಗಲ್ ಫೇಸ್ ಮೋಟರು ಓಡುವಾಗ ಸುಮಾರು 11 ಆಂಪಿಯರ್ ಎಳೆಯುತ್ತದೆ. ನಿಂತಲ್ಲಿಂದ ಏಳುವ ಆ ಕ್ಷಣಕ್ಕೆ ಮಾತ್ರ ಅದರ ಐದಾರು ಪಟ್ಟು ಬೇಕು. 1 ಚದರ ಮಿ.ಮೀ. ತಾಮ್ರದ ವೈರು 20 ಮೀಟರ್ ಎಳೆದಿದ್ದರೆ ಕರೆಂಟಿಗೆ ಹೋಗಿ ಬರುವ ದಾರಿ 40 ಮೀಟರ್. 55 ಆಂಪಿಯರ್ ಹರಿದಾಗ ವೈರೇ 40 ವೋಲ್ಟಿಗೂ ಹೆಚ್ಚು ನುಂಗಿಬಿಡುತ್ತದೆ. ವೋಲ್ಟೇಜು ಇಳಿದಂತೆ ಮೋಟರಿನ ತಿರುಗುವ ಬಲ ವರ್ಗದ ಲೆಕ್ಕದಲ್ಲಿ ಕುಸಿಯುವುದರಿಂದ, 230ರ ಬದಲು 187 ವೋಲ್ಟ್ ಸಿಕ್ಕರೆ ಮೂರನೇ ಒಂದು ಭಾಗ ಶಕ್ತಿ ಖೋತಾ. ಅದೇ ಜಾಗದಲ್ಲಿ 4 ಚದರ ಮಿ.ಮೀ. ವೈರಿದ್ದರೆ ನಷ್ಟ 11 ವೋಲ್ಟಿನಷ್ಟೇ.

ಹಾಗಾದರೆ 16 ಆಂಪಿಯರಿನ ಎಂಸಿಬಿ ಕಿತ್ತು 32ರದ್ದು ಕೂರಿಸೋಣ ಎನ್ನುವವರಿದ್ದಾರೆ. ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಂತಿ ಸುತ್ತುತ್ತಿದ್ದ ಹಳೆಯ ಚಾಳಿ ಇದು. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಅದನ್ನು ದೊಡ್ಡದು ಮಾಡಿ ವೈರು ಹಾಗೇ ಬಿಟ್ಟರೆ ಸುಡುವುದು ವೈರು. ಬದಲಿಸಬೇಕಾದ್ದು ಅಕ್ಷರವನ್ನು. ಮನೆಯ ದೀಪಗಳಿಗೆ ಹಾಕುವ ‘ಬಿ’ ಮಾದರಿ ತನ್ನ ಮೇಲೆ ಬರೆದ ಆಂಪಿಯರಿನ ಮೂರರಿಂದ ಐದು ಪಟ್ಟಿಗೇ ತಟ್ಟನೆ ಬೀಳುತ್ತದೆ. ‘ಸಿ’ ಮಾದರಿ ಐದರಿಂದ ಹತ್ತು ಪಟ್ಟಿನವರೆಗೆ ತಡೆದುಕೊಳ್ಳುತ್ತದೆ. ಮೋಟರಿಗೆ ಅದೇ ಸರಿ.

ಮೀಟರಿನ ಲೋಡು ಸಾಲದಿದ್ದರೆ ಎಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು, ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಆಗಬೇಕು. ತ್ರೀ ಫೇಸ್ ಸಿಕ್ಕರೆ ಮೋಟರು ಸಲೀಸಾಗಿ ಏಳುತ್ತದೆ. ಎರಡು ಫೇಸು ಅದಲುಬದಲಾದರೆ ಗರಗಸ ಉಲ್ಟಾ ತಿರುಗುತ್ತದೆ, ಒಂದು ಫೇಸು ಹೋದರೆ ಕಾಯಿಲು ಸುಟ್ಟುಹೋಗುತ್ತದೆ. ಬೋರ್‌ವೆಲ್ ಇರುವ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಆದರೆ ಪಂಪ್‌ಹೌಸಿನ ಒಂದು ಅಭ್ಯಾಸವನ್ನು ಶೆಡ್ಡಿಗೆ ತರಲೇಬಾರದು. ಕರೆಂಟು ಯಾವ ಹೊತ್ತಿಗೆ ಬರುತ್ತದೋ ಎಂದು ರಾತ್ರಿಯಿಡೀ ಕಾಯಲಾರದೆ ರೈತರು ಸ್ಟಾರ್ಟರಿಗೆ ಆಟೊ ಸ್ವಿಚ್ ಹಾಕಿಸುತ್ತಾರೆ. ಕರೆಂಟು ಬಂದೊಡನೆ ಪಂಪು ತಾನೇ ಶುರು. ಗರಗಸಕ್ಕೆ ಬೇಕಾದ್ದು ಇದರ ತದ್ವಿರುದ್ಧ. ಕರೆಂಟು ಹೋಯಿತೆಂದು ಬ್ಲೇಡಿಗೆ ಸಿಕ್ಕಿಕೊಂಡ ಚೂರು ತೆಗೆಯಲು ಕೈ ಹಾಕಿದಾಗಲೇ ಅದು ವಾಪಸು ಬಂದರೆ? ಸಾದಾ ಡಿಒಎಲ್ ಸ್ಟಾರ್ಟರಿನಲ್ಲಿರುವ ನೋ-ವೋಲ್ಟ್ ಕಾಯಿಲು ಕರೆಂಟು ಹೋದೊಡನೆ ಹಿಡಿತ ಬಿಡುತ್ತದೆ. ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಮೋಟರು ಅಲುಗುವುದಿಲ್ಲ.

ಯಂತ್ರದ ಮೈಗೆ ಕರೆಂಟು ಸೋರಿದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡಿದುಹಾಕುತ್ತದೆ. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಅದು ಗುರುತಿಸದು. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಬೇಕು. ಒಣಗಿದ ಮಣ್ಣು ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳದು.

ಇಷ್ಟೆಲ್ಲ ಮಾಡಿದವರೂ ಮರೆಯುವುದು ಶೆಡ್ಡಿನ ದೀಪವನ್ನು. ಅದಕ್ಕೆ ಬೇರೆಯದೇ ಎಂಸಿಬಿ, ಬೇರೆಯದೇ ವೈರು ಇರಬೇಕು. ಗರಗಸದ ಎಂಸಿಬಿ ಬಿದ್ದ ಮೇಲೂ ಬ್ಲೇಡು ಕೆಲವು ಸೆಕೆಂಡು ತಿರುಗುತ್ತಲೇ ಇರುತ್ತದೆ, ಆಗ ಕೈ ಎಲ್ಲಿದೆ ಎಂದು ಕಾಣಿಸಬೇಕು.