ವೈಫೈ ಡಬ್ಬಿಗೆ ಎರಡು ಬೀಗ



ನಮ್ಮ ಕಮಲಾಪುರದ ಕೆರೆ ನಿಮಗೆಲ್ಲ ಗೊತ್ತು. ವಿಜಯನಗರದ ಅರಸರ ಕಾಲದ ಕೆರೆ ಅದು. ಕೆರೆ ಅಂದ ಮೇಲೆ ತೂಬು ಬೇಕು. ತೂಬು ಎತ್ತಿದರೆ ಕಾಲುವೆಗೆ ನೀರು ಬರುತ್ತದೆ. ಅಲ್ಲಿಂದ ಬಾಳೆ ತೋಟಕ್ಕೆ, ಕಬ್ಬಿಗೆ, ಭತ್ತದ ಗದ್ದೆಗೆ ಹಂಚಿ ಹೋಗುತ್ತದೆ. ತೂಬನ್ನು ಯಾರೆಂದರೆ ಅವರು ಮುಟ್ಟುವ ಹಾಗಿಲ್ಲ. ಅದಕ್ಕೇ ನೀರಗಂಟಿ ಇರುವುದು.

ಇಂಟರ್‌ನೆಟ್ಟಿಗೂ ಇಂಥ ಒಂದು ತೂಬು ಇದೆ. ಅದರ ಹೆಸರು ರೂಟರ್.

ರೂಟರ್ ಅಂದರೆ ಏನು?

ರೂಟರ್ ಒಂದು ಸಣ್ಣ ಡಬ್ಬಿ. ಅದರ ಮೇಲೆ ದೀಪಗಳು ಮಿನುಗುತ್ತವೆ. ಹೊರಗಿನ ತಂತಿಯಿಂದ ಇಂಟರ್‌ನೆಟ್ ಅದರ ಒಳಗೆ ಬರುತ್ತದೆ. ಅದು ಮನೆಯ ಫೋನಿಗೆ, ಟಿವಿಗೆ, ಕಂಪ್ಯೂಟರಿಗೆ ಹಂಚುತ್ತದೆ. ತಂತಿ ಇಲ್ಲದೆ ಗಾಳಿಯಲ್ಲಿ ಹಂಚುವುದಕ್ಕೆ ವೈಫೈ ಅನ್ನುತ್ತೇವೆ.

"ಇದೆಲ್ಲ ನಮಗ್ಯಾಕೆ? ಮಕ್ಕಳು ನೋಡ್ಕೊಳ್ತಾರೆ ಬಿಡ್ರಿ" ಅನ್ನಬೇಡಿ. ಗೃಹಲಕ್ಷ್ಮಿ ಹಣ ಬರುವುದು ನಮ್ಮ ಖಾತೆಗೆ. ಸಂಘದ ಲೆಕ್ಕ ಇರುವುದು ನಮ್ಮ ಫೋನಿನಲ್ಲಿ. ಕಾವಲೂ ನಮ್ಮದೇ.

ಬೀಗ ಯಾಕೆ ಬೇಕು?

ವೈಫೈ ಗೋಡೆ ದಾಟಿ ಬೀದಿಗೂ ಹೋಗುತ್ತದೆ. ಬೀಗ ಇಲ್ಲದಿದ್ದರೆ ಬೀದಿಯಲ್ಲಿ ನಿಂತವರೂ ಬಳಸಬಹುದು.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದವು. ಅದಕ್ಕೆ ಕೆಲವೇ ನಿಮಿಷ ಮೊದಲು ಟಿವಿಯವರಿಗೆ ಬೆದರಿಕೆಯ ಇ-ಮೇಲ್ ಬಂದಿತ್ತು. ಪೊಲೀಸರು ಜಾಡು ಹಿಡಿದು ಹೋದರು. ಜಾಡು ನವಿ ಮುಂಬಯಿಯ ಒಂದು ಮನೆಗೆ ಮುಟ್ಟಿತು. ಆ ಮನೆಯವರು ಇ-ಮೇಲ್ ಕಳಿಸಿರಲಿಲ್ಲ. ಅವರ ವೈಫೈಗೆ ಸರಿಯಾದ ಬೀಗ ಇರಲಿಲ್ಲ. ಯಾರೋ ಅದನ್ನು ಬಳಸಿದ್ದರು. ಆದರೂ ಮನೆಯವರು ವಿಚಾರಣೆ ಎದುರಿಸಬೇಕಾಯಿತು. ಯಾಕಂದ್ರೆ ಜಾಡು ಸಿಗುವುದು ಸಂಪರ್ಕ ಪಡೆದವರ ಮನೆಗೆ.

ಎರಡು ಬೀಗ ಯಾವುವು?

ಒಂದು, ವೈಫೈ ಪಾಸ್‌ವರ್ಡ್. ಇದು ನೀರು ಪಡೆಯುವ ಅಪ್ಪಣೆ.

ಇನ್ನೊಂದು, ಅಡ್ಮಿನ್ ಪಾಸ್‌ವರ್ಡ್. ಇದು ತೂಬಿನ ಕೀಲಿ. ಇದು ಸಿಕ್ಕವರು ರೂಟರನ್ನೇ ತಮ್ಮ ಕೈಗೆ ತೆಗೆದುಕೊಳ್ಳಬಹುದು.

ಬಹಳ ಜನ ಎರಡನೆಯದನ್ನು ಮರೆಯುತ್ತಾರೆ. 2016ರಲ್ಲಿ ಮಿರಾಯ್ ಎಂಬ ಕೆಟ್ಟ ಪ್ರೋಗ್ರಾಂ ಲೋಕದ ಲಕ್ಷಾಂತರ ಕ್ಯಾಮರಾ, ರೂಟರುಗಳ ಒಳಗೆ ಹೊಕ್ಕಿತು. ಅದರ ಬಳಿ ಇದ್ದದ್ದು ಕಂಪನಿಗಳು ಹಾಕಿಕೊಟ್ಟ ಸುಮಾರು 60 ಪಾಸ್‌ವರ್ಡ್‌ಗಳ ಪಟ್ಟಿ. ಜನ ಅವನ್ನು ಬದಲಿಸಿರಲಿಲ್ಲ. ಕಳ್ಳನಿಗೆ ಅಷ್ಟೇ ಸಾಕಾಯಿತು.

ಹೀಗೆ ಮಾಡೋಣ

1. ರೂಟರನ್ನು ಮನೆಯ ನಡುವೆ, ಎತ್ತರದಲ್ಲಿ ಇಡೋಣ. ಒಲೆ, ನೀರಿನ ಹತ್ತಿರ ಬೇಡ. ದಪ್ಪ ಕಲ್ಲಿನ ಗೋಡೆಯ ಹಿಂದೆ ವೈಫೈ ಸರಿಯಾಗಿ ಸಿಗುವುದಿಲ್ಲ.

2. ಡಬ್ಬಿಯ ಕೆಳಗಿನ ಚೀಟಿ ಓದೋಣ. 192.168.1.1 ಎಂಬಂಥ ಅಂಕಿ ಇರುತ್ತದೆ. ವೈಫೈಗೆ ಜೋಡಿಸಿದ ಫೋನಿನ ಬ್ರೌಸರಿನಲ್ಲಿ ಆ ಅಂಕಿ ಒತ್ತಿದರೆ ರೂಟರಿನ ಪುಟ ತೆರೆಯುತ್ತದೆ. ತೆರೆಯದಿದ್ದರೆ ಜೋಡಿಸಲು ಬಂದವರನ್ನು ಕೇಳೋಣ. ಕೇಳಲು ನಾಚಿಕೆ ಬೇಡ.

3. ಎರಡೂ ಪಾಸ್‌ವರ್ಡ್ ಬದಲಿಸೋಣ. ಒಂದೇ ಪಾಸ್‌ವರ್ಡ್ ಎರಡಕ್ಕೂ ಬೇಡ. ಫೋನ್ ನಂಬರು, ಮಕ್ಕಳ ಹೆಸರು ಬೇಡವೇ ಬೇಡ. ಸಂಬಂಧ ಇಲ್ಲದ ನಾಲ್ಕು ಪದ ಜೋಡಿಸಿದರೆ ಒಳ್ಳೆಯದು. ಕುಂಬಳ, ನವಿಲು, ಜೋಳ, ಗಡಿಯಾರ - ಹೀಗೆ. ಇದನ್ನೇ ಇಡಬೇಡಿ, ನಿಮ್ಮದೇ ಪದ ಹುಡುಕಿರಿ. ಬರೆದು ಪೆಟ್ಟಿಗೆಯಲ್ಲಿ ಇಡಿ. ಗೋಡೆಗೆ ಅಂಟಿಸಬೇಡಿ.

4. ಬೀಗದ ಬಗೆ ಕೇಳಿದರೆ ಡಬ್ಲ್ಯುಪಿಎ 3 ಆರಿಸಿ. ಅದು ಇಲ್ಲದಿದ್ದರೆ ಡಬ್ಲ್ಯುಪಿಎ 2 ಆರಿಸಿ.

5. ಹಂಪಿ ನೋಡಲು ಬಂದವರಿಗೆ ಕೋಣೆ ಕೊಡುತ್ತೀರಾ? ಅವರಿಗೆ "ಗೆಸ್ಟ್" ವೈಫೈ ಬೇರೆ ಮಾಡಿಕೊಡಿ. ಅತಿಥಿಗೆ ಜಗಲಿ ಸಾಕು, ಅಡುಗೆಮನೆ ಬೇಡ.

ಕಂಪ್ಯೂಟರಿಗೂ ಕಾವಲು

ಕಂಪ್ಯೂಟರ್, ಫೋನ್, ರೂಟರ್ "ಅಪ್‌ಡೇಟ್" ಕೇಳುತ್ತವೆ. ಮನೆಯ ಮಾಳಿಗೆ ಸೋರಿದರೆ ಮಣ್ಣು ಹಾಕಿ ಮುಚ್ಚುವುದಿಲ್ಲವೇ? ಅಪ್‌ಡೇಟ್ ಅಂಥ ದುರಸ್ತಿ. ಮುಂದೂಡಬೇಡಿ. ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಗೊತ್ತಿಲ್ಲದ ಆ್ಯಪ್ ಹಾಕಬೇಡಿ.

ಒಂದು ಮಾತು ನೆನಪಿಡಿ. ಎಷ್ಟೇ ಬೀಗ ಹಾಕಿದರೂ, ನಾವೇ ಒಟಿಪಿ ಹೇಳಿಬಿಟ್ಟರೆ ಬೀಗ ಏನು ಮಾಡೀತು? ಬ್ಯಾಂಕಿನವರು ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಕೇಳಿದವನು ಕಳ್ಳ. ಹಣ ಹೋಯಿತೇ? ಬೈತಾರೆ ಅಂತ ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದರೆ ಹಣ ತಡೆಯಲು ದಾರಿ ಇರುತ್ತದೆ.

ನಾವು ಅಕ್ಷರ ಕಲಿತಿದ್ದೇವೆ. ಇನ್ನು ಡಬ್ಬಿಯ ಚೀಟಿಯನ್ನೂ ಓದೋಣ. ನಮ್ಮ ಮನೆಯ ತೂಬಿಗೆ ನಾವೇ ನೀರಗಂಟಿ ಆಗೋಣ.

ಓದಿ, ಉತ್ತರ ಬರೆಯಿರಿ

1. ರೂಟರಿನ ಎರಡು ಬೀಗ ಯಾವುವು?
2. ಎಂಥ ಪಾಸ್‌ವರ್ಡ್ ಇಡಬಾರದು?
3. ಹಣ ಮೋಸ ಹೋದರೆ ಯಾವ ನಂಬರಿಗೆ ಫೋನ್ ಮಾಡಬೇಕು?